ಕಟ್ಟು ಹಾಕದ ಹೆಸರು

ಮಧುಮತಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವಳ ತಾಯಿ ತಂಗೆವ್ವನದು ಯಾವತ್ತೂ ಒಂದೇ ಉತ್ತರ. "ಕಂಪ್ಯೂಟರಿಗೆ ಪ್ರಶ್ನಿ ಕೇಳತಾಳ್ರಿ. ಅದು ಹೇಳಿದ್ದನ್ನ ಮಂದಿಗೆ ತಿಳಿಯೂಹಂಗ ಮಾಡಿ ಕೊಡತಾಳ." ಮೂವತ್ತೇಳರ ಮಗಳಿಗೆ ಆ ಉತ್ತರದಲ್ಲಿ ತಿದ್ದುವಂಥದ್ದೇನೂ ಕಂಡಿಲ್ಲ.

ಅವಳು ಹುಟ್ಟಿ ಬೆಳೆದದ್ದು ಬನಹಟ್ಟಿಯಲ್ಲಿ. ಅಪ್ಪ ಮುರಗೆಪ್ಪನದು ನೂಲಿನ ಅಂಗಡಿ. ಓಣಿಯ ಎರಡೂ ಬದಿಗೆ ಮಗ್ಗಗಳು ದಿನವಿಡೀ ಬಡಿದುಕೊಳ್ಳುತ್ತಿದ್ದುದರಿಂದ ಆ ಮನೆಯಲ್ಲಿ ಎಲ್ಲರದೂ ತುಸು ಏರುದನಿ. ಮಧುಮತಿ ಮಾತ್ರ ಮೆಲುದನಿಯವಳು. ಶಾಲೆಯಿಂದ ಬಂದವಳೇ ಅಂಗಡಿಯಲ್ಲಿ ಕೂತು ನೂಲು ತೆಗೆದುಕೊಡುತ್ತಿದ್ದಳು. ಅದೇ ನೂಲು ಕೆಲವರಿಗೆ ಸಡಿಲ ಸುರುಳಿಯ ಲಡಿಯಾಗಿ ಬೇಕು, ಕೆಲವರಿಗೆ ಕಂಡಿಕೆಯ ಸಣ್ಣ ಕೊಳವೆಗೆ ಸುತ್ತಿದ್ದು ಬೇಕು. ಒಮ್ಮೆ ಅವಳು ಲಡಿಯ ತುದಿಯನ್ನು ಕಂಡಿಕೆಯ ತುದಿಯೆಂಬಂತೆ ಎಳೆದು ಇಡೀ ಲಡಿಯನ್ನೇ ಗಂಟು ಮಾಡಿಟ್ಟಳು. ಮುರಗೆಪ್ಪ ಬೈಯಲಿಲ್ಲ. ಅರ್ಧ ದಿನ ಕೂತು ಅದನ್ನು ಬಿಡಿಸಿ, "ಎಳಿ ಹುಡುಕೂದಕ್ಕಿಂತ ಮದಲ ಕೈಯಾಗ ಬಂದದ್ದು ಏನೈತಿ ಅನ್ನೂದು ನೋಡಬೇಕವಾ" ಎಂದ, ಅಷ್ಟೇ.

ಜಮಖಂಡಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಬಿಸಿಎ ಮುಗಿಸಿದಳು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಆರು ವರ್ಷ ದುಡಿದಳು. ಅಪ್ಪ ತೀರಿದ ಮೇಲೆ ಹಿಂದಿರುಗಿ, ಮುಧೋಳದ ಬಸ್ ನಿಲ್ದಾಣದ ಹಿಂದಿನ ಟಾಯರ್ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದು ತಾಯಿಯನ್ನೂ ಕರೆಸಿಕೊಂಡಳು. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನದರಲ್ಲಿ ಸಂಸಾರ. ಕಾಲೇಜುಗಳ ಹಾಜರಿ, ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಸರದಿ, ಬೀಜದ ಅಂಗಡಿಯವರ ದಾಸ್ತಾನು, ಹೀಗೆ ಸುತ್ತಲಿನ ಊರುಗಳಿಗೆ ಬೇಕಾದ ಸಣ್ಣಪುಟ್ಟ ವೆಬ್‌ಸೈಟುಗಳನ್ನು ಮಾಡಿಕೊಡುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹಾಗೇ ಹೋಯಿತು. ಅದರ ಬಗ್ಗೆ ಅವಳು ಯಾರೊಂದಿಗೂ ಮಾತಾಡಿದ್ದಿಲ್ಲ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಶಶಿಕಾಂತ ಎಂಬವನು ಆ ಮೆಟ್ಟಿಲು ಹತ್ತಿ ಬಂದ. ಮುಧೋಳದಿಂದ ಹತ್ತು ಮೈಲಿ ದೂರದ ಊರಿನವನು, ಅಲ್ಲಿನ ಬೀರೇಶ್ವರ ಗುಡಿಯ ಸಮಿತಿಯ ಕಾರ್ಯದರ್ಶಿ. ಅವನ ಹಿಂದೆ ಒಬ್ಬ ಮುದುಕ ಕೆಂಪು ಬಟ್ಟೆಯಲ್ಲಿ ಸುತ್ತಿದ ಮೂರು ದಪ್ಪ ಪುಸ್ತಕಗಳನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಏರುತ್ತಿದ್ದ.

ಆ ಮುದುಕ ಬೀಳಗಿಯ ಹುಲೆಪ್ಪ, ಹೆಳವ. ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು, ನಾಲ್ಕು ವರ್ಷಕ್ಕೊಮ್ಮೆ ಮನೆಮನೆಗೂ ಬಂದು ಹಿರಿಯರ ಹೆಸರುಗಳನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನೂ ತೀರಿದವರನ್ನೂ ಬರೆದುಕೊಂಡು ಹೋಗುವುದು ಅವನ ಮನೆತನದ ಕಾಯಕ. ಅವನ ಅಜ್ಜ, ಅಪ್ಪ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು.

"ನಿಂದೂ ಎತ್ತಿತ್ತಲ್ಲ, ಏನಾತಜ್ಜಾ?" ತಂಗೆವ್ವ ನೀರು ಕೊಡುತ್ತ ಕೇಳಿದಳು.

"ಎತ್ತೂ ಮುದಿ ಆತು, ನಾನೂ ಮುದಿ ಆದೆ. ಯಾರು ಯಾರ ಮ್ಯಾಲ ಕೂಡಬೇಕಂತ ಜಗಳ ಬಿತ್ತು. ಈಗ ಬಸ್ಸಿಗೆ ಬರತೇನಿ. ಕಂಡಕ್ಟರ್ ಟಿಕೀಟ ಕೇಳತಾನ. ಎತ್ತು ಒಂದ ದಿನ ಕೇಳಿರಲಿಲ್ಲ."

ಅವನ ಕಣ್ಣು ಮಂಜಾಗುತ್ತಿದ್ದವು. ಅವು ಪೂರ್ತಿ ಹೋಗುವ ಮೊದಲು ಪುಸ್ತಕದಲ್ಲಿದ್ದ ಏಳುನೂರು ಮನೆಗಳೂ ಕಂಪ್ಯೂಟರಿಗೆ ಸೇರಬೇಕು, ಯಾರು ಬೇಕಾದರೂ ಫೋನಿನಲ್ಲಿ ತಮ್ಮ ಮನೆತನವನ್ನು ನೋಡುವಂತಾಗಬೇಕು ಎಂದು ಸಮಿತಿ ಠರಾವು ಮಾಡಿತ್ತು.

ಎಂಟು ತಿಂಗಳು ಹುಲೆಪ್ಪ ಓದಿದ, ಮಧುಮತಿ ಬರೆದುಕೊಂಡಳು. ಅವನ ಪುಸ್ತಕದಲ್ಲಿ ಬದುಕಿರುವವರ ಹೆಸರಿನ ಪಕ್ಕ ಒಂದು ಚುಕ್ಕೆ ಇರುತ್ತಿತ್ತು. ತೀರಿಹೋದವರ ಹೆಸರಿನ ಸುತ್ತ ಒಂದು ಚೌಕ. ಅದಕ್ಕವನು "ಕಟ್ಟು" ಎನ್ನುತ್ತಿದ್ದ. ಕೆಲವು ಹೆಸರುಗಳಿಗೆ ಚುಕ್ಕೆಯೂ ಇರಲಿಲ್ಲ, ಕಟ್ಟೂ ಇರಲಿಲ್ಲ.

"ಇವರದೇನಜ್ಜಾ?"

"ಮನಿ ಬಿಟ್ಟ ಹ್ವಾದವರು. ಸುದ್ದಿ ಇಲ್ಲ."

"ಹಂಗಾರ ಖಾಲಿ ಬಿಡಲ್ಯಾ?"

"ಖಾಲಿ ಅಲ್ಲವಾ ಅದು. ಕೈ ತಡದು ಬಿಟ್ಟದ್ದು" ಎಂದ ಮುದುಕ, ಮುಂದಿನ ಹೆಸರಿಗೆ ಹೋದ.

ಅಂಥವು ಇಪ್ಪತ್ತಾರು ಇದ್ದವು. ಬಹಳಷ್ಟು ಮುತ್ತಜ್ಜರ ಕಾಲದವು: ಬರಗಾಲದಲ್ಲಿ ಹೊರಟವರು, ಪ್ಲೇಗಿನ ವರ್ಷ ಊರು ಬಿಟ್ಟವರು. ಅವರ ದಾರಿ ಕಾದವರೂ ಎಂದೋ ಮಣ್ಣಾಗಿದ್ದರು. ಮಧುಮತಿ ಆ ಹೆಸರುಗಳ ಎದುರಿನ ಅಂಕಣದಲ್ಲಿ ಏನನ್ನೂ ತುಂಬಲಿಲ್ಲ.

ಅವಳ ಕೆಲಸದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕಂಪ್ಯೂಟರಿನ ಉಗ್ರಾಣದಲ್ಲಿ ಹೆಸರುಗಳು ಬರಿಮೈಯಲ್ಲಿ ಇರುತ್ತವೆ. ಯಾರಾದರೂ ಪ್ರಶ್ನೆ ಕೇಳಿದಾಗ ಉತ್ತರ ಅಲ್ಲಿಂದ ಹೊರಡುತ್ತದೆ. ಹೊಸ್ತಿಲಲ್ಲಿ ಅವಳು ಬರೆದ ಒಂದು ಸಣ್ಣ ತುಣುಕು ಕಾದು ನಿಂತಿರುತ್ತದೆ; ಕಸುಬಿನವರು ಅದನ್ನು ಕಾಲ್‌ಬ್ಯಾಕ್ ಎನ್ನುತ್ತಾರೆ. ಅದನ್ನು ಯಾರೂ ಕೂಗಬೇಕಿಲ್ಲ. ಉತ್ತರ ಹೊರಬಂದಾಗಲೆಲ್ಲ ತಾನೇ ಎದ್ದು, ಪ್ರತಿ ಹೆಸರನ್ನೂ ನೋಡಿ, ಕಟ್ಟು ಇದ್ದರೆ ಮುಂದೆ "ದಿ." ಎಂದು ಹಚ್ಚಿ ಮುಂದಕ್ಕೆ ಬಿಡುವುದು ಅದರ ಕೆಲಸ. ತೀರಿದವರ ಹೆಸರು ಬರಿದಾಗಿ ಬಂದರೆ ಆ ಮಂದಿಗೆ ಸಮಾಧಾನವಿರುವುದಿಲ್ಲ.

ತೊಂದರೆ ಏನೆಂದರೆ ಉತ್ತರಗಳು ಯಾವಾಗಲೂ ಒಂದೇ ರೂಪದಲ್ಲಿ ಬರುವುದಿಲ್ಲ. ಇಡೀ ಮನೆತನವನ್ನು ಕೇಳಿದರೆ ಹೆಸರುಗಳು ಒಂದರ ಕೆಳಗೊಂದು, ತಂತಮ್ಮ ಚೀಲದಲ್ಲಿ ಕೂತು ಬರುತ್ತವೆ. ಒಬ್ಬನನ್ನೇ ಕೇಳಿದರೆ ಒಂದೇ ಚೀಲ. ಹೆಂಡತಿಯನ್ನು ಕೇಳಿದಾಗ ಗಂಡನ ಹೆಸರು ಅವಳ ಬೆನ್ನಿಗೆ ಬರುತ್ತದಲ್ಲ, ಅದಕ್ಕೆ ಚೀಲವೇ ಇರುವುದಿಲ್ಲ, ಚುಕ್ಕೆಯೋ ಕಟ್ಟೋ ಹೆಸರಿಗೇ ಅಂಟಿಕೊಂಡು ಬರುತ್ತದೆ.

ಊರಿನ ಹೊಸ ಸಮುದಾಯ ಭವನದ ವಾಸ್ತುಶಾಂತಿಗೆ ಎರಡು ದಿನ ಉಳಿದಿತ್ತು. ಅಂದು ಮುತ್ತೈದೆಯರಿಗೆಲ್ಲ ಹೆಸರು ಕರೆದು ಉಡಿ ತುಂಬಬೇಕೆಂದು ಸಮಿತಿಯವರು ಅವಳಲ್ಲಿ ಪಟ್ಟಿ ಕೇಳಿದರು. ಗಂಡನ ಹೆಸರಿಗೆ "ದಿ." ಇಲ್ಲದವರನ್ನೆಲ್ಲ ಆರಿಸಿ ಮಧುಮತಿ ಪಟ್ಟಿ ತೆಗೆದಾಗ, ಗಂಡ ತೀರಿ ಇಪ್ಪತ್ತು ವರ್ಷವಾದ ಅಜ್ಜಿಯರೂ ಅದರಲ್ಲಿ ಮುತ್ತೈದೆಯರಾಗಿ ನಿಂತಿದ್ದರು. ಹೊಸ್ತಿಲಿನ ತುಣುಕು ಚೀಲ ಹುಡುಕಿ, ಚೀಲ ಕಾಣದೆ, ಬೆನ್ನಿಗೆ ಬಂದ ಗಂಡಂದಿರನ್ನೆಲ್ಲ ಹಾಗೇ ಹೊರಗೆ ಬಿಟ್ಟಿತ್ತು. ಅವಸರದಲ್ಲಿ ಅವಳು ಅಂಥ ಹೆಸರುಗಳಿಗೆಂದೇ ಇನ್ನೊಂದು ಸಾಲು ಸೇರಿಸಿದಳು: ಚುಕ್ಕೆ ಇಲ್ಲದಿದ್ದರೆ "ದಿ." ಹಚ್ಚು. ಹತ್ತು ಮನೆಗಳನ್ನು ತೆಗೆದು ನೋಡಿದಳು. ಎಲ್ಲ ಸರಿಯಾಗಿತ್ತು. ಪಟ್ಟಿ ಕಳಿಸಿದಳು.

ಮೊದಲಿನ ಸಾಲಿನಲ್ಲಿ ಅವಳು "ಕಟ್ಟು ಇದೆಯೇ?" ಎಂದು ಕೇಳಿದ್ದಳು. ಎರಡನೆಯದರಲ್ಲಿ ಕೇಳಿದ್ದು "ಚುಕ್ಕೆ ಇಲ್ಲವೇ?" ಎಂದು. ಏಳುನೂರು ಮನೆಗಳಿಗೂ ಆ ಎರಡು ಪ್ರಶ್ನೆ ಒಂದೇ. ಚುಕ್ಕೆಯೂ ಕಟ್ಟೂ ಇಲ್ಲದ ಗಂಡಿನ ಹೆಂಡತಿ ಮಾತ್ರ ಅವೆರಡರ ನಡುವೆ ಸಿಕ್ಕಿಬೀಳುತ್ತಾಳೆ. ಅಂಥವಳು ಊರಿನಲ್ಲಿ ಒಬ್ಬಳೇ ಬದುಕಿದ್ದಳು.

ಅವಳು ಪದ್ಮವ್ವ, ಶಶಿಕಾಂತನ ಅಣ್ಣ ಅಪ್ಪಾಸಾಬನ ಹೆಂಡತಿ. ಅದಕ್ಕೂ ಹನ್ನೊಂದು ವರ್ಷದ ಹಿಂದೆ ಅಪ್ಪಾಸಾಬ ಕೃಷ್ಣೆಯ ಆಚೆ ದಂಡೆಯ ಹೊಲಗಳಲ್ಲಿ ಕುರಿ ತರುಬಿ ಬೀಡು ಬಿಟ್ಟಿದ್ದ. ಒಂದು ಮುಂಜಾನೆ ಜೊತೆಯವರಿಗೆ "ಈಗ ಬರತೇನಿ" ಎಂದು ಹೇಳಿ ಹೊರಟ. ಕುರಿಗಳು ಮನೆಗೆ ಬಂದವು, ಅವನ ಕಂಬಳಿ ಬಂತು, ಕೋಲು ಬಂತು. ಅವನು ಬರಲಿಲ್ಲ. ಪೊಲೀಸರಿಗೆ ಹೇಳಿದರು, ಬಾವಿ ನೋಡಿದರು, ಬ್ಯಾರೇಜಿನ ಗೇಟುಗಳ ಬಳಿ ನೋಡಿದರು, ಮಿರಜದ ತನಕ ಹೋಗಿ ಬಂದರು. ಒಂದು ಸುಳಿವೂ ಸಿಗಲಿಲ್ಲ. ಪದ್ಮವ್ವ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಊರಿನಲ್ಲಿ ಯಾರೂ ಅವಳಿಗೆ ಏನನ್ನೂ ಹೇಳಲಿಲ್ಲ.

ವಾಸ್ತುಶಾಂತಿಯ ದಿನ ಮಧುಮತಿಯನ್ನೂ ಕರೆದಿದ್ದರು. ಅವಳು ಭವನದ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಶಶಿಕಾಂತ ಮೈಕಿನಲ್ಲಿ "ಇಂಥವರ ಧರ್ಮಪತ್ನಿ ಇಂಥವರು" ಎಂದು ಓದುತ್ತ ಹೋದ. ಹೆಸರು ಬಂದವರು ಎದ್ದು ಹೋಗಿ ಸೆರಗು ಹಿಡಿದು ಅಕ್ಕಿ, ಕಾಯಿ, ಖಣ ತುಂಬಿಸಿಕೊಂಡು ಬಂದು ಕೂರುತ್ತಿದ್ದರು. ಮೂರನೆಯ ಸಾಲಿನಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಮೊದಲಿನಿಂದಲೂ ಸೆರಗಿನ ತುದಿಯನ್ನು ಕೈಯಲ್ಲಿ ಸರಿಮಾಡಿ ಹಿಡಿದುಕೊಂಡಿದ್ದಳು. ಪಟ್ಟಿ ಮುಗಿಯಿತು. ಮೈಕು ನಿಂತಿತು.

"ನಮ್ಮವ್ವಂದ ಹೆಸರ ಬರಲಿಲ್ಲಲ್ಲ?" ಪಕ್ಕದಲ್ಲಿದ್ದ ಮಗಳು ಪೂನಮ್ ಜೋರಾಗಿಯೇ ಅಂದಳು. ಫೋನು ತೆಗೆದು ತಾಯಿಯ ಪುಟ ಹುಡುಕಿದಳು. ನೋಡಿದ ಕೂಡಲೇ ಫೋನನ್ನು ಕವುಚಿ ಮಡಿಲಿಗೆ ಇಟ್ಟುಕೊಂಡಳು.

"ಏನೈತಿ ಅದರಾಗ? ಕೊಡ ಇಲ್ಲಿ."

"ಏನಿಲ್ಲ ಬೇ. ನೆಟ್ ಬರವಲ್ದು."

ಪದ್ಮವ್ವ ಏಳನೆಯವರೆಗೆ ಓದಿದವಳು. ಫೋನು ಕಸಿದುಕೊಂಡು ಓದಿದಳು: "ಪದ್ಮವ್ವ. ಗಂಡ: ದಿ. ಅಪ್ಪಾಸಾಬ." ಹಿಡಿದಿದ್ದ ಸೆರಗಿನ ತುದಿಯನ್ನು ಬಿಟ್ಟು, ಅದನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಸಂಜೆಯ ಬಸ್ಸಿಗೆ ಮುಧೋಳ ತಲುಪಿದ ಮಧುಮತಿ ದೀಪ ಹಚ್ಚುವ ಮೊದಲೇ ಕಂಪ್ಯೂಟರ್ ಹಚ್ಚಿದಳು. ತಪ್ಪು ಹುಡುಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೈಯಲ್ಲಿ ಬಂದದ್ದು ಲಡಿಯೋ ಕಂಡಿಕೆಯೋ ನೋಡದೆ ಎಳೆದಿದ್ದಳು. ಅದು ಗೊತ್ತಾದ ಮೇಲೂ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಮುಂದೆ ಹೋಗಿದ್ದಳು. ಎರಡೂ ಸಾಲುಗಳನ್ನು ಅಳಿಸಿದಳು. ಉತ್ತರ ಯಾವ ರೂಪದಲ್ಲಿ ಬಂದರೂ ಮೊದಲು ಒಂದೇ ರೂಪಕ್ಕೆ ತರುವುದು, ಆಮೇಲೆ ಒಂದೇ ಕಡೆ ಒಂದೇ ಪ್ರಶ್ನೆ ಕೇಳುವುದು: ಕಟ್ಟು ಇದೆಯೇ? ಇದ್ದರೆ "ದಿ.". ಇಲ್ಲದಿದ್ದರೆ ಹೆಸರನ್ನು ಮುಟ್ಟಬಾರದು. ಈ ಸಲ ಹತ್ತು ಮನೆ ನೋಡಿ ಬಿಡಲಿಲ್ಲ. ಆ ಇಪ್ಪತ್ತಾರು ಹೆಸರುಗಳನ್ನು ಒಬ್ಬೊಬ್ಬರನ್ನಾಗಿ, ಮನೆತನದ ಜೊತೆಗೆ, ಹೆಂಡತಿಯ ಬೆನ್ನಿಗೆ, ಹೀಗೆ ಮೂರೂ ದಾರಿಯಿಂದ ಕರೆದು ನೋಡಿದಳು. ಎಲ್ಲ ಬರಿದಾಗಿ, ಪುಸ್ತಕದಲ್ಲಿದ್ದ ಹಾಗೆಯೇ ಬಂದವು. ಆದರೂ ಸರಿಪಡಿಸಿದ್ದನ್ನು ಊರಿನವರು ನೋಡುವ ಜಾಗಕ್ಕೆ ಏರಿಸುವ ಮೊದಲು ಸಮಿತಿಗೆ ತಿಳಿಸಬೇಕೆಂದು ಶಶಿಕಾಂತನಿಗೆ ಫೋನು ಮಾಡಿದಳು.

ಅವನು ಮರುದಿನ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತ.

"ಮೇಡಂ, ತಿದ್ದಬ್ಯಾಡ್ರಿ."

"ಯಾಕ್ರಿ ಅಣ್ಣಾರ?"

ಅವನು ಕುರ್ಚಿಯ ತುದಿಯಲ್ಲಿ ಕೂತ. ಮುಂದಿನ ತಿಂಗಳು ಪೂನಮಳ ಲಗ್ನ. ಗಂಡಿನ ಕಡೆಯವರು ರಬಕವಿಯವರು. ಸುರಗಿಯ ಶಾಸ್ತ್ರದಲ್ಲಿ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ಮದುಮಗಳನ್ನು ಕೂಡಿಸಿ ನೀರೆರೆಯುವಾಗ, ಪದ್ಮವ್ವ ಮಗಳ ಪಕ್ಕ ಕೂರಬೇಕೋ ಬೇಡವೋ ಎಂದು ಬೀಗರಲ್ಲಿಯೂ ಊರ ಹಿರಿಯರಲ್ಲಿಯೂ ಗುಸುಗುಸು ಎದ್ದಿತ್ತು. ನಿನ್ನೆಯ ಪಟ್ಟಿಯಿಂದ ಅದು ತಾನಾಗಿಯೇ ಬಗೆಹರಿದಿತ್ತು.

"ಹನ್ನೊಂದ ವರ್ಷ ಆತ್ರಿ. ಅಣ್ಣ ಹ್ವಾದಾ ಅನ್ನಾಕ ನನಗ ಬಾಯಿ ಬರಲಿಲ್ಲ. ನಮ್ಮವ್ವಗೂ ಬರಲಿಲ್ಲ, ಹಂಗ ಕಣ್ಣ ಮುಚ್ಚಿದಳು. ಈಗ ಅದಾಗೇ ಬಂದೈತಿ. ಬಂದದ್ದು ಇರಲಿ ಬಿಡ್ರಿ."

"ಅದು ಬಂದದ್ದಲ್ರಿ. ನಾ ತಪ್ಪು ಮಾಡಿದ್ದು."

"ಯಾರಿಗೆ ಗೊತ್ತೈತ್ರಿ?"

"ನನಗ."

ಒಳಗಿನ ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ತಂಗೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ನನ್ನ ಗಂಡ ಹ್ವಾದಾಗ ಓಣಿ ಮಂದಿ ಎಲ್ಲಾ ಬಂದ ಕುಂತ ಹೇಳಿದ್ರಪಾ. ಒಬ್ಬಾಕಿ ನೀರ ಕುಡಿಸಿದಳು, ಒಬ್ಬಾಕಿ ಕೈ ಹಿಡಕೊಂಡಳು. ನಿಮ್ಮ ವೈನಿ ಪದ್ಮವ್ವಗ ಹೇಳಾಕ ಒಬ್ಬ ಮನಷ್ಯಾ ಬರಲಿಲ್ಲ. ನನ್ನ ಮಗಳ ಕಂಪ್ಯೂಟರ್ ಹೇಳ್ತು. ಅದೂ ಉಡಿ ತುಂಬೂ ಹೊತ್ತಿನ್ಯಾಗ." ಅಷ್ಟು ಹೇಳಿ ಒಳಗೆ ಹೋದಳು. ಬಡಿಯುವ ಸದ್ದು ಮತ್ತೆ ಶುರುವಾಯಿತು.

ಶಶಿಕಾಂತ ಕುರ್ಚಿಯಿಂದ ಎದ್ದ. "ಹಂಗಾರ ಅಜ್ಜನ್ನ ಕೇಳೂಣ್ರಿ. ಕಟ್ಟ ಹಾಕ ಅಂದ್ರ ಹಾಕೂದು. ಬ್ಯಾಡಂದ್ರ ಬ್ಯಾಡ" ಎಂದ.

ಬೀಳಗಿಯಲ್ಲಿ ಹುಲೆಪ್ಪ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ. ಕಣ್ಣು ಈಗ ನೆರಳನ್ನಷ್ಟೇ ಕಾಣುತ್ತಿದ್ದವು. ಎಲ್ಲ ಕೇಳಿಸಿಕೊಂಡ.

"ಶಶಿಕಾಂತಾ, ಸಂಜಿಮುಂದ ಕುರಿ ಎಣಿಸೂವಾಗ ಒಂದು ಕಡಿಮಿ ಬಂತಂದ್ರ ಅದನ್ನ ಸತ್ತದ್ದು ಅಂತ ಎಣಿಸತೀಯೇನೋ?"

"ಇಲ್ಲಜ್ಜಾ."

"ಮತ್ತ?"

"ಹುಡುಕತೇವಿ."

"ಸಿಗಲಿಲ್ಲಂದ್ರ?"

ಶಶಿಕಾಂತ ಕಟ್ಟೆಯ ಅಂಚಿಗೆ ಕೂತ.

"ಸಿಗಲಿಲ್ಲಂದ್ರ ಸಿಗಲಿಲ್ಲ ಅಂತೀರಿ. ಸತ್ತೈತಿ ಅನ್ನೂದಿಲ್ಲ." ಮುದುಕ ಮಧುಮತಿ ಇದ್ದ ದಿಕ್ಕಿಗೆ ಮುಖ ತಿರುಗಿಸಿದ. "ಕಟ್ಟು ನಾ ಹಾಕೂದಲ್ಲ ಮಗಳ. ನಾ ಕೇಳತೇನಿ, ಮನಿಯವರು ಹೇಳತಾರ. ಗಂಡ ಹ್ವಾದರ ಹೆಂಡತಿ ಹೇಳಬೇಕು, ನನ್ನೆದುರಿಗೆ ಕುಂತು, ತನ್ನ ಬಾಯಿಲೆ. ತಮ್ಮ ಹೇಳಿದ್ದು ನಡಿಯೂದಿಲ್ಲ, ಊರ ಹೇಳಿದ್ದು ನಡಿಯೂದಿಲ್ಲ. ನಮ್ಮಪ್ಪ ಹಂಗ ಬರದ, ಅವರಪ್ಪ ಹಂಗ ಬರದ. ಪದ್ಮವ್ವನ ಮನಿಗೆ ಎರಡ ಸಲ ಹೋಗೇನಿ. ಎರಡೂ ಸಲ ಕೇಳೇನಿ. ನನಗ ಹಾಲ ಕುಡಿಸಿ ಕಳಿಸ್ಯಾಳ, ಮಾತಾಡಿಲ್ಲ. ಅದಕ್ಕ ನಾನೂ ಬರದಿಲ್ಲ."

ಅಲ್ಲಿಂದ ಇಬ್ಬರೂ ಶಶಿಕಾಂತನ ಮೋಟರ್‌ಸೈಕಲ್ಲಿನಲ್ಲಿ ನೆಟ್ಟಗೆ ಪದ್ಮವ್ವನ ತೋಟಕ್ಕೆ ಹೋದರು. ಕಬ್ಬಿನ ಬದುವಿನ ಕೊನೆಗೆ ತಗಡಿನ ಮನೆ, ಪಕ್ಕದಲ್ಲಿ ಕುರಿಯ ದೊಡ್ಡಿ. ಪದ್ಮವ್ವ ಮರಿಗಳಿಗೆ ತೊಪ್ಪಲು ಕಟ್ಟುತ್ತಿದ್ದಳು. ಹಣೆಯಲ್ಲಿ ಕುಂಕುಮ ಇತ್ತು.

"ಅವ್ವಾರ, ನಿಮ್ಮ ಪುಟದಾಗ ಆ 'ದಿ.' ಹಾಕಿದಾಕಿ ನಾನ. ತಪ್ಪಾತ್ರಿ."

"ಮಷೀನ್ ಅಲ್ಲೇನು ಹಾಕಿದ್ದು?"

"ಮಷೀನಿಗೆ ನಾ ಹೇಳಿಕೊಟ್ಟದ್ದು ತಪ್ಪಿತ್ತು."

"ಏನಂತ ಹೇಳಿಕೊಟ್ಟಿದ್ದಿ?"

ಇದನ್ನು ಇಷ್ಟು ಸರಳವಾಗಿ ಮಧುಮತಿಯನ್ನು ಯಾರೂ ಕೇಳಿರಲಿಲ್ಲ. "ಅದಾನ ಅಂತ ಬರದಿಲ್ಲಂದ್ರ, ಇಲ್ಲ ಅಂತ ತಿಳಕೋ. ಹಂಗಂತ."

ಪದ್ಮವ್ವ ತೊಪ್ಪಲಿನ ಗಂಟನ್ನು ಬಿಗಿದಳು. "ಊರ ಮಂದೀನೂ ಹಂಗ ತಿಳಕೊಂಡೈತಿ. ನಿಂದೊಂದ ತಪ್ಪೇನವಾ?" ಮೈದುನನ ಕಡೆ ನೋಡದೆಯೇ ಅಂದಳು. ಶಶಿಕಾಂತ ದೊಡ್ಡಿಯ ಗೂಟಕ್ಕೆ ಕೈಯೂರಿ ಬೇರೆ ಕಡೆ ಮುಖ ಮಾಡಿದ.

ಮಧುಮತಿ ಅಲ್ಲಿಯೇ ನಿಂತು ಸರಿಪಡಿಸಿದ್ದನ್ನು ಏರಿಸಿ ಫೋನು ತೋರಿಸಿದಳು. ಪದ್ಮವ್ವ ತನ್ನ ಪುಟ ನೋಡಿದಳು. ಅಪ್ಪಾಸಾಬ. ಹಿಂದೆ ಮುಂದೆ ಏನೂ ಇರಲಿಲ್ಲ.

"ಅವರನ್ನೊಬ್ಬರನ್ನ ತೋರಸು."

ತೋರಿಸಿದಳು. ಅಪ್ಪಾಸಾಬ.

"ಅತ್ತಿ, ಮಾವ, ಎಲ್ಲಾರ ಕೂಡ ತೋರಸು."

ಅಲ್ಲಿ ಮಾವನ ಹೆಸರಿಗೆ "ದಿ." ಇತ್ತು, ಅತ್ತೆಯ ಹೆಸರಿಗೆ ಇತ್ತು. ಅವರ ಕೆಳಗೆ, ಬರಿದಾಗಿ, ಅಪ್ಪಾಸಾಬ. ಪದ್ಮವ್ವ ಬೆರಳಿನಿಂದ ಆ ಅಕ್ಷರಗಳನ್ನು ಮುಟ್ಟಿದಾಗ ಪುಟ ಸರಿದು ಬೇರೇನೋ ತೆರೆಯಿತು. ಅವಳು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಸುರಗ್ಯಾಗ ನಾ ಕುಂಡ್ರಾಕಿ" ಎಂದಳು ಆಮೇಲೆ.

"ಕುಂಡ್ರು ವೈನಿ" ಎಂದ ಶಶಿಕಾಂತ. "ಉಡಿ ಸಾಮಾನ ನಾಳಿ ಮನಿಗೆ ಕಳಸತೇನಿ."

"ಮನಿಗೆ ಬ್ಯಾಡ. ಮಂದ್ಯಾಗ ಬಿಟ್ಟದ್ದನ್ನ ಮಂದ್ಯಾಗ ಕರೀರಿ."

ಮುಂದಿನ ಸೋಮವಾರ ಗುಡಿಯ ಮುಂದೆ ಜನ ಸೇರಿದ್ದಾಗ ಶಶಿಕಾಂತ ಮೈಕು ಹಿಡಿದು ಒಂದೇ ಒಂದು ಹೆಸರು ಕರೆದ: "ಅಪ್ಪಾಸಾಬ ಅವರ ಧರ್ಮಪತ್ನಿ ಪದ್ಮವ್ವ." ಒಂದಿಬ್ಬರು ಹಿರಿಯರು ಎದ್ದು ಹೋದರು. ಉಳಿದವರು ಕೂತರು. ಶಶಿಕಾಂತನ ಹೆಂಡತಿ ಶ್ರೀದೇವಿ ಉಡಿ ತುಂಬಿದಳು. ತಿಂಗಳ ಮೇಲೆ ಲಗ್ನವಾಯಿತು. ಸುರಗಿಯ ನೂಲಿನೊಳಗೆ ಪದ್ಮವ್ವ ಮಗಳ ಪಕ್ಕ ಕೂತಿದ್ದಳು. ಬೀಗರು ಏನಾದರೂ ಅಂದರೋ ಏನೋ, ವಾಲಗದ ಸದ್ದಿನಲ್ಲಿ ಕೇಳಲಿಲ್ಲ.

ಮರುವರ್ಷ ಹುಲೆಪ್ಪ ತೀರಿಕೊಂಡ. ಅವನ ಹೆಸರು ಅವನದೇ ಪುಸ್ತಕದಲ್ಲಿ ಇರಲಿಲ್ಲ. ಹೆಳವರ ವಂಶಾವಳಿ ಬರೆಯುವವರು ಬೇರೆ ಇರುತ್ತಾರಂತೆ. ಏಳುನೂರು ಮನೆಗಳಿಗೆ ಹೋಗಿ ಕೇಳುವ ಕೆಲಸ ವಾರಸುದಾರರಿಲ್ಲದೆ ಉಳಿಯಿತು. ಫೋನಿನಲ್ಲಿ ಕೇಳಿ ತುಂಬಿಕೊಂಡರೆ ಸಾಕೆಂದು ಸಮಿತಿಯವರು ಹೇಳಿದರು. ಹುಟ್ಟಿದವರ ಮಟ್ಟಿಗೆ ಮಧುಮತಿ ಅದಕ್ಕೆ ಒಪ್ಪಿದಳು. ಕಟ್ಟಿನ ಮಾತು ಬಂದರೆ ಮಾತ್ರ ಬಸ್ಸು ಹತ್ತಿ ತಾನೇ ಹೋಗುತ್ತಿದ್ದಳು. ಮನೆಯವರ ಎದುರು ಕೂತು, ಅವರು ಬಾಯಿಬಿಟ್ಟು ಹೇಳಿದ ಮೇಲೆಯೇ ತುಂಬುತ್ತಿದ್ದಳು. ಆ ಕಡೆಯ ಹುಡುಗಿಯರು ಅವಳಿಗೆ "ಕಂಪ್ಯೂಟರ್ ಹೆಳವಿ" ಎಂದು ಹೆಸರಿಟ್ಟರು. "ಎತ್ತ ಎಲ್ಲಿ ಬಿಟ್ಟಿರಿ ಅಕ್ಕಾರ?" ಎಂದು ನಗುತ್ತಿದ್ದರು. ತಂಗೆವ್ವನಿಗೆ ಅದು ಹಿಡಿಸಲಿಲ್ಲ. "ಕಲತದ್ದು ಬಿಸಿಎ, ಮಾಡೂದು ಹೆಳವರ ಕೆಲಸ" ಎಂದು ಗೊಣಗುತ್ತಿದ್ದಳು. ಆದರೂ ಮಗಳು ಹೊರಟ ದಿನ ಬುತ್ತಿ ಕಟ್ಟಿಕೊಡುವುದನ್ನು ತಪ್ಪಿಸಲಿಲ್ಲ.

ವರ್ಷಕ್ಕೊಮ್ಮೆ, ಕಬ್ಬಿನ ಹಂಗಾಮು ಮುಗಿದು ರಸ್ತೆಗಳು ಟ್ರ್ಯಾಕ್ಟರುಗಳಿಂದ ಬಿಡುವು ಪಡೆದಾಗ, ಅವಳು ಪದ್ಮವ್ವನ ತೋಟಕ್ಕೂ ಹೋಗುತ್ತಿದ್ದಳು. ಮೊದಲ ಸಲ ಹೋದಾಗ ಕೇಳಿದಳು: "ಅಪ್ಪಾಸಾಬ ಅಣ್ಣಾರು ಎಲ್ಲಿ ಅದಾರ್ರಿ?" ಹುಲೆಪ್ಪ ಕೇಳುತ್ತಿದ್ದುದು ಹಾಗೆಯೇ ಎಂದು ತಿಳಿದುಕೊಂಡು ಬಂದಿದ್ದಳು. ಪದ್ಮವ್ವ ಒಳಗೆ ಹೋಗಿ ಹಾಲು ತಂದುಕೊಟ್ಟಳು. ಎರಡನೆಯ ವರ್ಷವೂ ಹಾಲು ಕೊಟ್ಟಳು. ಮಧುಮತಿ ಕುಡಿದು, ಲೋಟ ತೊಳೆದಿಟ್ಟು, ಬಂದಳು.

ಈ ವರ್ಷ ಹೋದಾಗ ಪೂನಮ್ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ತೊಟ್ಟಿಲನ್ನು ಮನೆಯ ನಡುವಿನ ತೊಲೆಗೆ ಕಟ್ಟಿದ್ದರು. ಮಧುಮತಿ ಕೂಸಿನ ಹೆಸರು ಬರೆದುಕೊಂಡು ಚುಕ್ಕೆ ಹಾಕಿದಳು. ಆಮೇಲೆ ಪದ್ಮವ್ವನ ಕಡೆ ತಿರುಗಿ ತನ್ನ ಪ್ರಶ್ನೆ ಕೇಳಿದಳು.

ಪದ್ಮವ್ವ ಏಳಲಿಲ್ಲ. ತೊಟ್ಟಿಲ ಹಗ್ಗವನ್ನು ಎಳೆಯುತ್ತಿದ್ದ ಕೈ ತಡೆಯಲೂ ಇಲ್ಲ.

"ಇಲ್ಲವಾ" ಎಂದಳು.

ಪೂನಮ್ ತಲೆಯೆತ್ತಿದಳು. "ಬೇ..."

"ಸುಮ್ಮನಿರು. ನನಗ ಕೇಳಾಕತ್ತಾಳ, ನಿನಗಲ್ಲ." ಹಗ್ಗ ಇನ್ನೆರಡು ಸಲ ಬಂದು ಹೋಯಿತು. "ನೀವ್ಯಾರಾರ ಹೇಳಿದ್ರ ನಾ ನಂಬತಿರಲಿಲ್ಲ. ನಾ ಹೇಳಬೇಕಿತ್ತು. ಇಲ್ಲ. ಬರಕೋ."

ಮಧುಮತಿ ಫೋನು ತೆಗೆದಳು. ನಾಲ್ಕು ವರ್ಷ ಬಿಟ್ಟಿದ್ದ ಆ ಅಂಕಣವನ್ನು ತೆರೆದು ಕಟ್ಟು ಹಾಕಿದಳು. ಪುಟ ಮುಂದೆ ಹೋಗಲಿಲ್ಲ. ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು ಬಂದು ನಿಂತಿತು. ಅದನ್ನು ಬರೆದಿಟ್ಟವಳೂ ತಾನೇ. ಹೊಸದಾಗಿ ಹಾಕುವ ಯಾವ ಕಟ್ಟನ್ನೂ ತೀರಿದ ದಿನ ತುಂಬದೆ ಬಿಡಬಾರದೆಂದು ಹಿಂದೊಮ್ಮೆ ಎಷ್ಟು ಜಾಗ್ರತೆಯಿಂದ ಮಾಡಿದ್ದಳು.

"ಯಾಕ, ಹ್ವಾಗವಲ್ದೇನು?"

"ತಾರೀಖು ಕೇಳತೈತ್ರಿ ಅವ್ವಾರ" ಎಂದಳು ಮಧುಮತಿ, ತಲೆ ತಗ್ಗಿಸಿಯೇ. "ನಾ ಅದನ್ನ ತಗದ ಬರತೇನಿ. ಮುಂದಿನ ವಾರ ಮತ್ತ..."

"ತಗೀಬ್ಯಾಡ." ಪದ್ಮವ್ವ ಹಗ್ಗ ಬಿಟ್ಟಳು. ತೊಟ್ಟಿಲು ತಾನೇ ಸ್ವಲ್ಪ ಹೊತ್ತು ಆಡಿತು. "ಇವತ್ತಿನ ತಾರೀಖ ಹಾಕು."

ಮಧುಮತಿ ಅವಳ ಮುಖ ನೋಡಿದಳು. ಆಮೇಲೆ ಅಂದಿನ ದಿನ, ತಿಂಗಳು, ವರ್ಷವನ್ನು ಒಂದೊಂದಾಗಿ ಒತ್ತಿದಳು.